ಬೇಸಿಗೆ ದಾಟದ ತೋಟದ ತರಗತಿ ಬೇಡ: ನೀರುಳಿತಾಯ, ಜೇನು-ದುಂಬಿ ಕಲಿಯಲು ಯಾವುದನ್ನು ಆರಿಸಬೇಕು

ಬೆಂಗಳೂರಿನ ಬಡಾವಣೆಗಳಲ್ಲೂ ಅಪಾರ್ಟ್‌ಮೆಂಟುಗಳಲ್ಲೂ ತೋಟದ ತರಗತಿ ಎಂದರೆ ಈಗ ಮುಖ್ಯವಾಗಿ ಎರಡು ವಿಷಯ. ಕಡಿಮೆ ನೀರಿನಲ್ಲಿ ಗಿಡ ಬೆಳೆಸುವುದು ಒಂದು. ಜೇನು, ದುಂಬಿ, ಚಿಟ್ಟೆ ಬರುವಂತೆ ತೋಟ ಮಾಡುವುದು ಇನ್ನೊಂದು. ಕುಡಿಯುವ ನೀರನ್ನು ಗಿಡಗಳಿಗೆ ಬಿಟ್ಟರೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿದ ಮೇಲಂತೂ ಮೊದಲನೆಯದು ಬರಿಯ ಹವ್ಯಾಸದ ಮಾತಾಗಿ ಉಳಿದಿಲ್ಲ. ನಿವಾಸಿಗಳ ಸಂಘದವರು ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆ ಭಾನುವಾರ, ಬೇರೆ ಬೇರೆಯವರಿಂದ ಹೇಳಿಸುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ನೀರಿನ ಪಾಠ ಹೇಳುವವರು ನೆಲದ ಒಂದಿಂಚನ್ನೂ ಬಿಡದೆ ತರಗೆಲೆ ಮುಚ್ಚಿ ಎನ್ನುತ್ತಾರೆ. ಆದರೆ ಟೊಮೆಟೊ, ಬದನೆ ಹೂವಿಗೆ ಬರುವ ನೀಲಿ ಪಟ್ಟೆಯ ದುಂಬಿ ಗೂಡು ತೋಡುವುದು ಬರಿ ಮಣ್ಣಿನಲ್ಲಿ. ಸೊಳ್ಳೆಯ ಭಯಕ್ಕೆ ಡ್ರಮ್ಮು, ತೊಟ್ಟಿ, ತಟ್ಟೆ ಎಲ್ಲವನ್ನೂ ಮುಚ್ಚಿಸಿದರೆ ಮಾರ್ಚ್‌ನ ಬಿಸಿಲಿಗೆ ಜೇನು ನೀರು ಹುಡುಕಿಕೊಂಡು ಬಾಲ್ಕನಿಯ ಬಟ್ಟೆಗೆ, ಅಡುಗೆಮನೆಯ ಸಿಂಕಿಗೆ ಬರುತ್ತದೆ. ಆಮೇಲೆ ಜೇನು ಓಡಿಸಿ ಎಂದು ದೂರು. ಇತ್ತ ಚಿಟ್ಟೆಯ ಪಾಠ ಹೇಳುವವರು ಕೊಡುವ ಹೂಗಿಡದ ಪಟ್ಟಿಯಲ್ಲಿ ಅರ್ಧಕ್ಕರ್ಧ ದಿನಾ ನೀರು ಕೇಳುವ ಗಿಡಗಳು. ಆದ್ದರಿಂದ ಮೊದಲ ಸಲಹೆ: ಎರಡೂ ಒಂದೇ ಮಡಿಯಲ್ಲಿ, ಒಂದೇ ತಂಡದ ಕೈಯಲ್ಲಿ ಕಲಿಯುವಂಥ ತರಗತಿ ಸಿಗುವುದಾದರೆ ಅದನ್ನೇ ಹಿಡಿಯಿರಿ.

ಒಂದು ದಿನ, ನಾಲ್ಕು ಭಾನುವಾರ, ಒಂದು ಹಂಗಾಮು

ಒಂದು ದಿನದ ಕಾರ್ಯಾಗಾರ ಅಗ್ಗ, ಜನ ಸೇರಿಸುವುದೂ ಸುಲಭ. ಆದರೆ ಅಲ್ಲಿ ಕಲಿಯಲು ಸಾಧ್ಯವಾಗುವುದು ಕೈಕೆಲಸ ಮಾತ್ರ: ಮಡಕೆ ಹೂಳುವುದು, ಹನಿ ಪೈಪು ಜೋಡಿಸುವುದು, ಬತ್ತಿ ಪಾಟ್ ಮಾಡುವುದು. ಜೋಡಿಸಿದ್ದು ಹದಿನೈದು ದಿನದ ಮೇಲೆ ಏಕೆ ಕೆಟ್ಟಿತು ಎಂಬುದಕ್ಕೆ ಅಲ್ಲಿ ಉತ್ತರ ಸಿಗದು, ಏಕೆಂದರೆ ಕೆಡುವ ಹೊತ್ತಿಗೆ ಹೇಳಿಕೊಟ್ಟವರು ಇರುವುದಿಲ್ಲ. ಈಗಾಗಲೇ ಎರಡು ವರ್ಷ ಗಿಡ ಬೆಳೆಸಿ, ಒಂದು ನಿರ್ದಿಷ್ಟ ಕೆಲಸ ಕಲಿಯಬೇಕೆಂದಿರುವವರಿಗೆ ಇದು ಸಾಕು. ಹೊಸಬರಿಗೆ ಸಾಲದು.

ನಾಲ್ಕು ಭಾನುವಾರದ ಸರಣಿ ಹೆಚ್ಚು ನಡೆಯುವುದು ಜೂನ್-ಜುಲೈನಲ್ಲಿ, ಗಿಡ ನೆಡುವ ಉತ್ಸಾಹ ಇರುವಾಗ. ನೀರುಳಿತಾಯ ಕಲಿಯುವುದಕ್ಕೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮಳೆ ಬೀಳುತ್ತಿರುವಾಗ ಯಾವ ವಿಧಾನವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜಡಿಮಳೆಯ ದಿನಗಳಲ್ಲಿ ಜೇನಿನ ಓಡಾಟವೂ ಕಡಿಮೆ.

ಒಂದು ಇಡೀ ಹಂಗಾಮಿನ ತರಗತಿಯೇ ಸರಿ. ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಅದು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಯುಗಾದಿವರೆಗೆ ನಡೆದರೆ ಒಳ್ಳೆಯದು. ಹಿಂಗಾರಿನ ಮಳೆ ಮುಗಿಯುತ್ತಾ ಬಂದಿರುತ್ತದೆ; ನೆಲದಲ್ಲಿ ತೇವ ಇರುವಾಗಲೇ ಮಡಿ ಮಾಡಿ ನೆಟ್ಟು, ಜನವರಿಯಿಂದ ಒಣಹವೆ ಏರುವುದನ್ನು ಕಣ್ಣಾರೆ ನೋಡಬಹುದು. ಹೊಂಗೆ, ಬೇವು ಹೂಬಿಡುವುದೂ ಜೇನು ಹೆಚ್ಚಾಗುವುದೂ ಇದೇ ಅವಧಿಯ ಕೊನೆಗೆ. ವಾರ ವಾರ ಸೇರಬೇಕೆಂದಿಲ್ಲ. ಮೊದಲ ತಿಂಗಳು ನಾಲ್ಕು ಸಲ, ಆಮೇಲೆ ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಸಾಕು. ನಡುವಿನ ದಿನಗಳಲ್ಲಿ ನೀರು ಹಾಕುವ ಸರದಿ ಕಲಿಯುವವರದೇ ಆಗಿರಬೇಕು. ಮಾಲಿ ಹಾಕುವ ನೀರಿನಿಂದ ಯಾರೂ ಏನೂ ಕಲಿಯುವುದಿಲ್ಲ.

ಸರ್ಕಾರಿ ಕಡೆಯ ತರಬೇತಿಗಳನ್ನು ಬೇರೆ ರೀತಿ ನೋಡಬೇಕು. ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದ ಜೇನುಕೃಷಿ ವಿಭಾಗ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ತೋಟಗಾರಿಕೆ ಇಲಾಖೆಯ ಹುಳಿಮಾವು ಜೈವಿಕ ಕೇಂದ್ರ ಇಂಥ ಕಡೆ ವಿಷಯದ ಆಳ ಇದೆ, ಆದರೆ ಪಾಠ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಆರು ಅಡಿ ಅಗಲದ ಮೂಲೆಗೆ ಅದನ್ನು ಹೊಂದಿಸಿಕೊಳ್ಳುವುದು ನಿಮ್ಮ ಕೆಲಸ. ಪೆಟ್ಟಿಗೆಯಲ್ಲಿ ಜೇನು ಸಾಕುವ ಯೋಚನೆ ಇದ್ದರೆ ಮಾತ್ರ ಅಲ್ಲಿನ ತರಬೇತಿ ತಪ್ಪಿಸಬೇಡಿ. ಮಳೆನೀರಿನ ಲೆಕ್ಕ ಮತ್ತು ಸೋಸುಕ ನೋಡಿ ಕಲಿಯಲು ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ಇದೆ. ಅರ್ಧ ದಿನ ಅಲ್ಲಿ ಕಳೆದರೆ ಎರಡು ಉಪನ್ಯಾಸ ಉಳಿಯುತ್ತವೆ.

ನೀರಿನ ವಿಧಾನಕ್ಕೆ ಮೊದಲು ನೀರಿನ ಲೆಕ್ಕ

ಈ ಲೆಕ್ಕ ಮಾಡಿಸದ ತರಗತಿಗೆ ಹಣ ಕೊಡಬೇಡಿ. ಬೆಂಗಳೂರಿನ ಮಾರ್ಚ್-ಏಪ್ರಿಲ್‌ನಲ್ಲಿ ತರಕಾರಿ ಮಡಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 20 ಚದರ ಮೀಟರ್ ಮಡಿ, ಅಂದರೆ ಸುಮಾರು 215 ಚದರಡಿ ಇದ್ದರೆ ದಿನಕ್ಕೆ 100 ಲೀಟರ್. ಮಳೆಯ ಕಡೆಯ ಲೆಕ್ಕ ಇನ್ನೂ ಸುಲಭ: ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ತಾರಸಿಗೆ 20 ಮಿ.ಮೀ. ಮಳೆ ಬಂದರೆ 2,000 ಲೀಟರ್. ಆವಿ, ಸೋರಿಕೆ, ಮೊದಲ ಕೊಳೆನೀರು ಕಳೆದು 1,600 ಲೀಟರ್ ಕೈಗೆ ಸಿಕ್ಕೀತು. ಆ ಮಡಿಗೆ ಅದು ಹದಿನಾರು ದಿನದ ನೀರು. ಅಂಗಡಿಯಲ್ಲಿ ಸಿಗುವ 200 ಲೀಟರಿನ ನೀಲಿ ಡ್ರಮ್ಮು ಎರಡೇ ದಿನಕ್ಕೆ.

ಜನವರಿಯಿಂದ ಮಾರ್ಚ್‌ವರೆಗೆ ಮಳೆ ಹೆಸರಿಗೆ ಮಾತ್ರ. ತೊಂಬತ್ತು ದಿನಕ್ಕೆ 9,000 ಲೀಟರ್ ಕೂಡಿಡುವ ಸಂಪು ಇಲ್ಲದಿದ್ದರೆ ಮಳೆನೀರೊಂದನ್ನೇ ನಂಬಿ ಬೇಸಿಗೆ ದಾಟಲಾಗದು. ಆಗ ದಾರಿ ಎರಡು: ಮಡಿ ಚಿಕ್ಕದು ಮಾಡುವುದು, ಇಲ್ಲವೇ ಬಳಸಿದ ನೀರು ಸೇರಿಸಿಕೊಳ್ಳುವುದು. ಅಕ್ಕಿ, ತರಕಾರಿ ತೊಳೆದ ನೀರು ಮತ್ತು ಎಸಿಯಿಂದ ತೊಟ್ಟಿಕ್ಕುವ ನೀರು ಯಾವ ಗಿಡಕ್ಕಾದರೂ ಸರಿ. ಪಾತ್ರೆ ತೊಳೆದ ನೀರು ಬಾಳೆ, ಕಾಬಾಳೆ (ಕ್ಯಾನಾ), ಕೆಸುವಿನ ಬುಡಕ್ಕೆ. ವಾಷಿಂಗ್ ಮಷೀನಿನ ನೀರಿನಲ್ಲಿ ಸೋಡಿಯಂ ಹೆಚ್ಚು. ಪಾಟಿಗೆ ಹಾಕಿದರೆ ಎರಡು ತಿಂಗಳಲ್ಲಿ ಮಣ್ಣು ಮೇಲೆ ಹೆಪ್ಪುಗಟ್ಟಿ ನೀರನ್ನು ಒಳಗೇ ಬಿಡುವುದಿಲ್ಲ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿ: 1,000 ದಾಟಿದ್ದರೆ ಪಾಟುಗಳಿಗೆ ಬೇಡ, ಅಂಗಳ ತೊಳೆಯಲು ಇರಲಿ.

ನಾಲ್ಕು ವಿಧಾನ, ಯಾವುದು ಯಾರಿಗೆ

ಹೂಳುವ ಮಡಕೆ. ಮೆರುಗು ಹಚ್ಚದ, ಬಣ್ಣ ಬಳಿಯದ, 5 ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕುತ್ತಿಗೆ ಒಂದಿಂಚು ಮೇಲೆ ಕಾಣುವಂತೆ ಹೂತು, ನೀರು ತುಂಬಿ, ಮುಚ್ಚಳ ಹಾಕುವುದು. ಸುತ್ತ ಒಂದು ಅಡಿ, ಹೆಚ್ಚೆಂದರೆ ಒಂದೂಕಾಲು ಅಡಿವರೆಗೆ ಕೆಂಪುಮಣ್ಣು ತೇವವಾಗುತ್ತದೆ. ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಗೆ ನಡುವೆ ಎರಡೂವರೆ ಅಡಿಗೊಂದರಂತೆ ನಾಲ್ಕು ಮಡಕೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ತುಂಬಿದರೆ ದಿನಕ್ಕೆ ಸುಮಾರು 7 ಲೀಟರ್ ಖರ್ಚು. ಅದೇ ಮಡಿಗೆ ಪೈಪಿನಲ್ಲಿ ಹಾಕಿದರೆ 14-15 ಲೀಟರ್.

ಕೊಳ್ಳುವ ಮುಂಚೆ ಪರೀಕ್ಷೆ ಮಾಡಲೇಬೇಕು: ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊರಮೈ ಮುಟ್ಟಿದರೆ ತಣ್ಣಗೆ, ಒದ್ದೆಯಾಗಿರಬೇಕು. ಹನಿ ಸೋರುತ್ತಿದ್ದರೆ ಬಿರುಕು. ಒಣಗಿದ್ದರೆ ಆ ಮಡಕೆ ಕುಡಿಯುವ ನೀರಿಗೂ ಉಪಯೋಗವಿಲ್ಲ. ಬೋರ್ ನೀರು ಗಡುಸಾಗಿದ್ದರೆ ಒಂದು ವರ್ಷದೊಳಗೆ ರಂಧ್ರಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ನೀರು ಐದಾರು ದಿನವಾದರೂ ಇಳಿಯದೆ ನಿಂತಿದ್ದರೆ ಅದೇ ಗುರುತು. ಮಡಕೆ ಕಿತ್ತು, ತೆಂಗಿನ ನಾರಿನಿಂದ ಉಜ್ಜಿ, ವಿನಿಗರ್ ಬೆರೆಸಿದ ನೀರಿನಲ್ಲಿ ಒಂದು ದಿನ ನೆನೆಹಾಕಬೇಕು. ಹೊಸಬರು ಸೋಲುವುದು ಬೇರೊಂದು ಕಡೆ: ಮಡಕೆ ಇದೆಯೆಂದು ಬೀಜ ಉದುರಿಸಿ ಬಿಟ್ಟುಬಿಡುತ್ತಾರೆ. ತೇವ ಇರುವುದು ಕೆಳಗೆ, ಬೀಜ ಇರುವುದು ಮೇಲೆ. ಮೊದಲ ಎರಡು ವಾರ ಜರಡಿಬಾಯಿಯ ಕ್ಯಾನಿನಲ್ಲಿ ಮೇಲಿನಿಂದ ನೀರು ಹಾಕದಿದ್ದರೆ ಮೊಳಕೆಯೇ ಬರದು. ಸೋರೆ, ಕುಂಬಳ, ಹೀರೆ, ಟೊಮೆಟೊ, ಬದನೆಗೆ ಮಡಕೆ ಹೇಳಿಮಾಡಿಸಿದ್ದು. ದಟ್ಟವಾಗಿ ಚೆಲ್ಲುವ ಸೊಪ್ಪಿಗೆ ಅಷ್ಟಕ್ಕಷ್ಟೆ. ನುಗ್ಗೆ, ಕರಿಬೇವಿನಂಥ ಮರದ ಪಕ್ಕ ಹೂತರೆ ಬೇರು ಸುತ್ತಿಕೊಂಡು ಒಡೆಯುತ್ತದೆ.

ಹನಿ ನೀರಾವರಿ. ಮನೆಯಲ್ಲಿ ಯಾರೂ ಇರದ ದಿನಗಳು ಹೆಚ್ಚಿದ್ದರೆ, ನಲವತ್ತಕ್ಕಿಂತ ಹೆಚ್ಚು ಪಾಟುಗಳಿದ್ದರೆ ಇದೇ. ಬೇಕಾಗುವುದು 16 ಮಿ.ಮೀ. ಲ್ಯಾಟರಲ್ ಪೈಪು, ಪಾಟಿಗೊಂದು 4 ಮಿ.ಮೀ. ಕೊಳವೆ, ಹನಿ ಬಿಡುವ ಡ್ರಿಪ್ಪರ್, ಶುರುವಿನಲ್ಲಿ ಒಂದು ಜಾಲರಿ ಫಿಲ್ಟರ್, ಕೊನೆಯಲ್ಲಿ ಬಿಚ್ಚಲು ಬರುವ ಎಂಡ್ ಕ್ಯಾಪ್. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಕಾಲು ಗಂಟೆ ಓಡಿದರೆ ಒಂದು ಲೀಟರ್. ಇಷ್ಟನ್ನು ಎಲ್ಲ ತರಗತಿಗಳೂ ಹೇಳುತ್ತವೆ.

ಹೇಳದೆ ಬಿಡುವುದು ಒತ್ತಡದ ವಿಷಯ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಒಂದು ಬಾರ್ ಒತ್ತಡ. ನಿಮ್ಮ ಸಿಂಟೆಕ್ಸ್ ಟ್ಯಾಂಕು ತಾರಸಿಯ ಮೇಲೆ ಐದಾರು ಅಡಿ ಕಟ್ಟೆಯ ಮೇಲಿದ್ದು ಪಾಟುಗಳೂ ಅದೇ ತಾರಸಿಯಲ್ಲಿದ್ದರೆ ಸಿಗುವುದು 0.2 ಬಾರ್ ಕೂಡ ಇಲ್ಲ. ಒತ್ತಡ ಸರಿದೂಗಿಸುವ ಡ್ರಿಪ್ಪರ್ ಎಂದು ಅಂಗಡಿಯವರು ಕೊಡುವ ದುಬಾರಿ ಡ್ರಿಪ್ಪರುಗಳು ಆ ಒತ್ತಡದಲ್ಲಿ ಸರಿಯಾಗಿ ತೆರೆಯುವುದೇ ಇಲ್ಲ: ಮೊದಲ ನಾಲ್ಕು ಪಾಟು ಒದ್ದೆ, ಉಳಿದವು ಒಣ. ಅಲ್ಲಿಗೆ ತಿರುಗಿಸಿ ಹೊಂದಿಸುವ ಸಾದಾ ಡ್ರಿಪ್ಪರೇ ಬೇಕು, ಇಲ್ಲವೇ ಚಿಕ್ಕ ಪಂಪು. ಟೈಮರ್ ಕೊಳ್ಳುವಾಗಲೂ ಇದೇ ಗೊಂದಲ. ವಿದ್ಯುತ್ಕಾಂತದಿಂದ ನಡೆಯುವ ಸೊಲೆನಾಯ್ಡ್ ವಾಲ್ವಿನ ಟೈಮರಿಗೆ ತೆರೆಯಲು, ಮುಚ್ಚಲು ಒತ್ತಡ ಬೇಕು. ಕಡಿಮೆ ಒತ್ತಡದಲ್ಲಿ ಅರ್ಧ ಮುಚ್ಚಿಕೊಂಡು ರಾತ್ರಿಯೆಲ್ಲ ಟ್ಯಾಂಕು ಖಾಲಿ ಮಾಡಿಬಿಡುತ್ತದೆ. ಬಾಲ್ ವಾಲ್ವ್ ತಿರುಗಿಸುವ ಬ್ಯಾಟರಿ ಟೈಮರ್ ಒತ್ತಡವಿಲ್ಲದೆಯೂ ನಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಎಂಡ್ ಕ್ಯಾಪ್ ಬಿಚ್ಚಿ ಎರಡು ನಿಮಿಷ ನೀರು ಹರಿಯಬಿಡಿ. ಹೊರಬರುವ ಕೆಸರು ನೋಡಿದರೆ ಡ್ರಿಪ್ಪರ್ ಏಕೆ ಕಟ್ಟಿತು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಯ ಮಾತು: ಹನಿ ಪೈಪು ಹಾಕಿದವರು ಮಳೆಗಾಲದಲ್ಲಿ ಟೈಮರ್ ನಿಲ್ಲಿಸುವುದನ್ನು ಮರೆಯುತ್ತಾರೆ. ಮಳೆಗಾಲದ ಬೇರುಕೊಳೆಗೆ ಅರ್ಧ ಕಾರಣ ಅದೇ.

ಬತ್ತಿ ಪಾಟ್. 20 ಲೀಟರಿನ ಪೇಂಟ್ ಬಕೆಟ್ಟಿನ ತಳದಲ್ಲಿ 4-5 ಲೀಟರ್ ನೀರು, ಅದರ ಮೇಲೆ ತೂತಿನ ತಟ್ಟೆ, ಮೇಲೆ ಗೊಬ್ಬರ ಬೆರೆಸಿದ ತೆಂಗಿನ ನಾರಿನ ಪುಡಿ, ನಡುವೆ ಇಳಿಬಿಟ್ಟ ಬತ್ತಿ. ಬಾಲ್ಕನಿಯಲ್ಲಿರುವವರಿಗೆ, ವಾರಕ್ಕೊಮ್ಮೆ ಊರಿಗೆ ಹೋಗುವವರಿಗೆ ಒಳ್ಳೆಯದು. ಹತ್ತಿಯ ಬತ್ತಿ ಮೂರ್ನಾಲ್ಕು ತಿಂಗಳಲ್ಲಿ ಕೊಳೆತುಹೋಗುತ್ತದೆ. ನೈಲಾನ್ ಹಗ್ಗದ ಎಳೆ ಬಿಡಿಸಿ ಹೆಣೆದದ್ದು ಬಾಳುತ್ತದೆ. ಬರಿಯ ಕೆಂಪುಮಣ್ಣು ತುಂಬಿದರೆ ಒತ್ತಿಕೊಂಡು ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ. ನೀರಿನ ಮಟ್ಟಕ್ಕೆ ಸರಿಯಾಗಿ ಪಕ್ಕದಲ್ಲಿ ಒಂದು ತೂತು ಇರಲೇಬೇಕು, ಇಲ್ಲದಿದ್ದರೆ ಒಂದು ಮಳೆಗೆ ಇಡೀ ಬಕೆಟ್ಟು ಕೆಸರು. ತುಂಬುವ ಕೊಳವೆಯ ಬಾಯಿಗೆ ಬಲೆಬಟ್ಟೆ ಕಟ್ಟಿ: ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಹೊದಿಕೆ ಮತ್ತು ತಗ್ಗು ಮಡಿ. ಇದಕ್ಕೆ ಕಾಸೇ ಬೇಡ, ಆದ್ದರಿಂದಲೇ ಇದಕ್ಕೆ ಗೌರವವಿಲ್ಲ. ಬೀದಿ ಗುಡಿಸಿ ಸುಡುವ ತರಗೆಲೆ, ತೆಂಗಿನ ಸೋಗೆಯ ತುಂಡು, ಕಬ್ಬಿನ ತರಗು ಯಾವುದಾದರೂ ಎರಡರಿಂದ ಮೂರು ಇಂಚು ಹರಡಿ, ಕಾಂಡದಿಂದ ಎರಡಿಂಚು ಜಾಗ ಬಿಟ್ಟರೆ ನೀರು ಹಾಕುವ ಸರದಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಕಾಂಡಕ್ಕೆ ತಾಗಿಸಿದರೆ ಬುಡ ಕೊಳೆಯುತ್ತದೆ. ಹಸಿ ಹುಲ್ಲು ದಪ್ಪಗೆ ಹಾಕಿದರೆ ಒಳಗೆ ಕಾವು ಏರಿ ಎಳೆ ಬೇರು ಬೇಯುತ್ತದೆ. ಜೂನ್ ಬಂತೆಂದರೆ ಹೊದಿಕೆ ತೆಳ್ಳಗೆ ಮಾಡಿ, ಏಕೆಂದರೆ ದೊಡ್ಡ ಆಫ್ರಿಕನ್ ಬಸವನಹುಳುವಿಗೆ ಹಗಲು ಅಡಗಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮಡಿಯ ವಿಷಯಕ್ಕೆ ಬಂದರೆ, ಇಟ್ಟಿಗೆ ಕಟ್ಟಿ ಏರಿಸಿದ ಮಡಿ ನೋಡಲು ಚೆಂದ, ವಿಡಿಯೋಗಳಲ್ಲಿ ಎಲ್ಲೆಲ್ಲೂ ಅದೇ. ಅದು ನೀರು ಹೆಚ್ಚಾಗಿ ನಿಲ್ಲುವ ದೇಶಗಳ ಉಪಾಯ. ನಮ್ಮ ಒಣಹಂಗಾಮಿನಲ್ಲಿ ನಾಲ್ಕೂ ಕಡೆಯಿಂದ ಬಿಸಿಲು ಹೊಡೆದು ಬೇಗ ಒಣಗುತ್ತದೆ. ನೆಲಮಟ್ಟಕ್ಕಿಂತ ಮೂರ್ನಾಲ್ಕು ಇಂಚು ತಗ್ಗಿನ ಮಡಿ, ಸುತ್ತ ಸಣ್ಣ ಬದು, ಸೆಪ್ಟೆಂಬರಿನ ದೊಡ್ಡ ಮಳೆಗೆ ಒಂದು ಮೂಲೆಯಲ್ಲಿ ತೆರೆಯಬಹುದಾದ ಕೋಡಿ ಇಷ್ಟಿದ್ದರೆ ಸಾಕು.

ಒಂದೇ ಆರಿಸಬೇಕೆಂದರೆ: ನೆಲವಿದ್ದರೆ ತಗ್ಗು ಮಡಿ, ಹೊದಿಕೆ, ಮಡಕೆ ಮೂರೂ ಸೇರಿ. ತಾರಸಿಯಲ್ಲಿ ಪಾಟು ಹೆಚ್ಚಿದ್ದರೆ ಹನಿ. ಬಾಲ್ಕನಿಗೆ ಬತ್ತಿ. ಮಂಗಳೂರು, ಉಡುಪಿಯ ಕಡೆ ನೆಲದ ತೋಟಕ್ಕೆ ಮಡಕೆಯ ಕೆಲಸ ಡಿಸೆಂಬರಿನಿಂದ ಮೇವರೆಗೆ ಮಾತ್ರ, ಮಳೆಗಾಲಕ್ಕೆ ಏರುಮಡಿಯೇ ಸರಿ. ಧಾರವಾಡ, ಕಲಬುರಗಿಯ ಎರೆಮಣ್ಣಿನಲ್ಲಿ ನೀರು ಅಡ್ಡಕ್ಕೆ ಹೆಚ್ಚು ಹರಡುವುದರಿಂದ ಡ್ರಿಪ್ಪರುಗಳ ನಡುವೆ ಹೆಚ್ಚು ಅಂತರ ಬಿಡಬಹುದು.

ಜೇನು ಪೆಟ್ಟಿಗೆ, ಬಿದಿರಿನ ಗೂಡು, ಇಲ್ಲವೇ ಬರಿಯ ಹೂವು

ಇಲ್ಲಿ ಜನ ಶುರು ಮಾಡುವುದೇ ತಿರುಗಾಮುರುಗಾ. ತೋಟ ಎಂದೊಡನೆ ಜೇನು ಪೆಟ್ಟಿಗೆ ತರೋಣ ಎನ್ನುತ್ತಾರೆ. ಮೊದಲು ನೋಡಬೇಕಾದ್ದು ನೀವು ಏನು ಬೆಳೆಯುತ್ತೀರಿ ಎಂಬುದನ್ನು. ದಂಟು, ಪಾಲಕ್, ಮೆಂತ್ಯಕ್ಕೆ ಯಾವ ಕೀಟವೂ ಬೇಡ. ಹುರುಳಿಕಾಯಿ, ಮೆಣಸಿನಕಾಯಿ ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟುತ್ತವೆ. ಸೋರೆ, ಹೀರೆ, ಕುಂಬಳ, ಹಾಗಲ, ಸೌತೆಗೆ ಕೀಟ ಬೇಕೇಬೇಕು, ಏಕೆಂದರೆ ಗಂಡುಹೂ ಬೇರೆ, ಹೆಣ್ಣುಹೂ ಬೇರೆ.

ಟೊಮೆಟೊ, ಬದನೆಯದು ಬೇರೆಯೇ ಕಥೆ. ಅವುಗಳ ಪರಾಗ ಹೊರಬರುವುದು ತುದಿಯ ಸಣ್ಣ ತೂತಿನಲ್ಲಿ ಮಾತ್ರ, ಉಪ್ಪಿನ ಡಬ್ಬಿಯ ಹಾಗೆ. ಅಲುಗಾಡಿಸಿದರೆ ಮಾತ್ರ ಪುಡಿ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ನೀಲಿ ಪಟ್ಟೆಯ ದುಂಬಿ ಬದನೆ ಹೂವನ್ನು ಕಾಲಿನಿಂದ ಅಪ್ಪಿಹಿಡಿದು, ರೆಕ್ಕೆ ಮಡಚಿಕೊಂಡೇ ಮೈ ನಡುಗಿಸುತ್ತದೆ; ಹತ್ತಿರ ನಿಂತರೆ ಹಾರುವಾಗಿನ ಸದ್ದಿಗಿಂತ ಎತ್ತರದ, ತುಂಡು ತುಂಡಾದ ಗುಂಯ್ ಸದ್ದು ಕೇಳುತ್ತದೆ. ಕಪ್ಪನೆಯ ದೊಡ್ಡ ಬಡಗಿ ದುಂಬಿಯೂ ಹೀಗೇ ಮಾಡುತ್ತದೆ. ಅಂದರೆ ಬದನೆ, ಟೊಮೆಟೊ ಬೆಳೆಯುವ ತೋಟಕ್ಕೆ ಜೇನು ಪೆಟ್ಟಿಗೆಯಿಂದ ಹೆಚ್ಚೇನೂ ಲಾಭವಿಲ್ಲ. ಬೇಕಾದ್ದು ಮಡಿಯ ಬಿಸಿಲು ಬೀಳುವ ಅಂಚಿನಲ್ಲಿ ಹೊದಿಕೆ ಹಾಕದೆ, ಅಗೆಯದೆ, ನೀರು ನಿಲ್ಲಿಸದೆ ಬಿಟ್ಟ ಎರಡು ಅಡಿ ಬರಿ ನೆಲ ಅಥವಾ ಹಳೆಯ ಮಣ್ಣುಗೋಡೆ, ಮತ್ತು ಬಡಗಿ ದುಂಬಿಗೆ ಒಣಮರದ ಒಂದು ತುಂಡು. ಬೇಸಿಗೆಯಲ್ಲಿ ಬಿಸಿಲು 35 ಡಿಗ್ರಿ ದಾಟಿದಾಗ ಟೊಮೆಟೊ ಹೂ ಉದುರಿದರೆ ದುಂಬಿಯನ್ನು ದೂರಬೇಡಿ. ಅದು ಸೆಕೆಯ ಕೆಲಸ.

ಬಿದಿರಿನ ಗೂಡು ಎಲೆ ಕತ್ತರಿಸುವ ಒಂಟಿ ಜೇನುಗಳಿಗೆ. ಒಳಗಿನ ತೂತು 6ರಿಂದ 10 ಮಿ.ಮೀ., ಉದ್ದ ಐದಾರು ಇಂಚು, ಹಿಂದಿನ ತುದಿ ಗಿಣ್ಣಿನಿಂದ ಮುಚ್ಚಿರಬೇಕು. ಎರಡೂ ಕಡೆ ತೆರೆದ ತುಂಡಿಗೆ ಯಾವುದೂ ಬರುವುದಿಲ್ಲ. ಪೂರ್ವಕ್ಕೆ ಮುಖ ಮಾಡಿ, ಮಳೆ ತಾಗದಂತೆ ಸೂರಿನ ಕೆಳಗೆ, ಕಂಬಕ್ಕೆ ಗ್ರೀಸ್ ಬಳಿದು ಕಟ್ಟಬೇಕು. ಅಂಗಡಿಯಲ್ಲಿ ಸಿಗುವ, ಪೈನ್ ಕಾಯಿ ತುಂಬಿದ ಅಲಂಕಾರದ ಗೂಡುಗಳು ಇರುವೆ ಮತ್ತು ಜಿರಳೆಗೆ ಮನೆ. ಎರಡು ವರ್ಷಕ್ಕೊಮ್ಮೆ ಬಿದಿರು ಬದಲಿಸದಿದ್ದರೆ ಬೂಸ್ಟು ಹಿಡಿದು ಮರಿಗಳು ಸಾಯುತ್ತವೆ.

ಮುಜಂಟಿ ಜೇನು ಅಥವಾ ಮಿಸರಿ ಕುಟುಕುವುದಿಲ್ಲ, ಚಿಕ್ಕ ಪೆಟ್ಟಿಗೆಯಲ್ಲಿ ಇರುತ್ತದೆ, ಮಕ್ಕಳಿರುವ ಅಪಾರ್ಟ್‌ಮೆಂಟಿಗೆ ಹೊಂದುತ್ತದೆ. ಹಾರುವುದು ಕೆಲವು ನೂರು ಮೀಟರ್ ಮಾತ್ರ, ಹಾಗಾಗಿ ನಿಮ್ಮ ಸುತ್ತಮುತ್ತಲೇ ವರ್ಷವಿಡೀ ಹೂವಿರಬೇಕು. ಗೋಡೆ, ಮರ ಒಡೆದು ತಂದ ಕುಟುಂಬ ಬೇಡ. ಪಾಲು ಮಾಡಿ ಬೆಳೆಸಿದ್ದನ್ನೇ ಕೇಳಿ ತನ್ನಿ. ಜೇನುತುಪ್ಪದ ಆಸೆಗೆ ಇದನ್ನು ತರಬೇಡಿ. ಸಿಗುವುದು ಔಷಧಿಗಾಗುವಷ್ಟು.

ತುಡುವೆ ಪೆಟ್ಟಿಗೆಗೆ ಒಬ್ಬ ಹೊಣೆಗಾರ ಬೇಕು. ಕುಟುಂಬ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ತೆರೆದು ನೋಡಿ ಹೊಸ ರಾಣಿಕೋಶ ಕಟ್ಟಿವೆಯೇ ಎಂದು ಗಮನಿಸದಿದ್ದರೆ ಹಿಂಡು ಪಾಲಾಗಿ ಪಕ್ಕದ ಮನೆಯ ಮೀಟರ್ ಬೋರ್ಡಿಗೆ ಹೋಗಿ ಕೂರುತ್ತದೆ. ಮಳೆಗಾಲದ ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಕೊಡಬೇಕು, ಮೇಣದ ಹುಳು ಹಿಡಿಯದಂತೆ ಹಳೆ ಎರಿ (ಮೇಣದ ಗೂಡುತಟ್ಟಿ) ತೆಗೆಯಬೇಕು, ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿ ಇರಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ರಾಜ್ಯದ ತುಡುವೆ ಕುಟುಂಬಗಳನ್ನು ಭಾರಿ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತ್ತು. ಎಲ್ಲಿಂದಲೋ ಪೆಟ್ಟಿಗೆ ತರುವಾಗ ಮರಿಗಳು ಆರೋಗ್ಯವಾಗಿವೆಯೇ ಎಂದು ತಿಳಿದವರಿಂದ ನೋಡಿಸುವುದು ಅದಕ್ಕೇ. ಸಂಘದಲ್ಲಿ ಒಬ್ಬರಿಗಾದರೂ ಜೇನಿನ ಅಲರ್ಜಿ ಇದ್ದರೆ ಈ ಮಾತೇ ಬೇಡ. ಕಟ್ಟಡಕ್ಕೆ ತಾನಾಗಿ ಬಂದ ಹೆಜ್ಜೇನು ಗೂಡಿನ ತಂಟೆಗೂ ಹೋಗಬೇಡಿ. ಅದು ವಲಸೆ ಹೋಗುವ ಜಾತಿ, ಕಾಲ ಬಂದಾಗ ಹೊರಡುತ್ತದೆ. ಅಲ್ಲಿಯವರೆಗೆ ಆ ಕಡೆಯ ಬಾಲ್ಕನಿಯ ದೀಪ ರಾತ್ರಿ ಆರಿಸಿದರೆ ಸಾಕು.

ನಮ್ಮ ಮತ ಕೇಳಿದರೆ, ಮೊದಲ ವರ್ಷ ಯಾವ ಪೆಟ್ಟಿಗೆಯೂ ಬೇಡ. ಹೂವು, ಬರಿ ನೆಲ, ನೀರಿನ ತಟ್ಟೆ ಮೂರೇ ಇರಲಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ, ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿದರೆ ಜೇನೂ ಮುಳುಗದು, ಸೊಳ್ಳೆಯೂ ಆಗದು.

ನೀರು ಕುಡಿಯದ ಹೂವುಗಳು

ಎರಡೂ ಪಾಠ ಒಂದಾಗುವುದು ಈ ಪಟ್ಟಿಯಲ್ಲಿ. ಟೇಬಲ್ ರೋಸ್ ಎಂದು ಕರೆಯುವ ಹತ್ತು ಗಂಟೆ ಹೂವು ನಾಲ್ಕು ಇಂಚು ಮಣ್ಣಿನಲ್ಲಿ, ವಾರಕ್ಕೆರಡು ಸಲ ನೀರಿನಲ್ಲಿ ಬದುಕುತ್ತದೆ. ಬೆಳಗ್ಗಿನ ಹೊತ್ತು ಜೇನು ತುಂಬಿರುತ್ತದೆ. ಒಂದೆಸಳಿನದೇ ಇರಲಿ, ಸುತ್ತುಸುತ್ತಾದ ಹೈಬ್ರಿಡ್ ಬೇಡ. ಚೆಂಡುಹೂವಿಗೂ ಇದೇ ಮಾತು: ಗಟ್ಟಿ ಉಂಡೆಯಂಥ ಹೂವಿನಲ್ಲಿ ಕೀಟಕ್ಕೆ ಸಿಗುವುದು ಕಡಿಮೆ. ತುಳಸಿ, ಕಾಮಕಸ್ತೂರಿಯ ಕದಿರನ್ನು ಎಲ್ಲ ಚಿವುಟಬೇಡಿ. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಯಲ್ಲಿ ಐದಕ್ಕೊಂದು ಗಿಡವನ್ನು ಹೂವಿಗೆ ಬಿಟ್ಟರೆ ಬೀಜವೂ ಸಿಕ್ಕಿತು. ನೆಲವಿದ್ದರೆ ಆವರಿಕೆ, ನುಗ್ಗೆ, ಗೋರಂಟಿ. ಒಮ್ಮೆ ಬೇರೂರಿದರೆ ಆವರಿಕೆಗೆ ಬೇಸಿಗೆಯಲ್ಲೂ ನೀರು ಹಾಕಬೇಕಿಲ್ಲ.

ಚಿಟ್ಟೆ ಬೇಕೆನ್ನುವವರು ಹೂವಿನ ಜೊತೆ ಮರಿಹುಳು ತಿನ್ನುವ ಗಿಡವನ್ನೂ ನೆಡಬೇಕು. ನಿಂಬೆ, ಕರಿಬೇವಿಗೆ ನಿಂಬೆ ಚಿಟ್ಟೆ, ಎಕ್ಕಕ್ಕೆ ಹುಲಿಬಣ್ಣದ ಪ್ಲೇನ್ ಟೈಗರ್, ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್ ಮೊಟ್ಟೆ ಇಡುತ್ತವೆ. ಆ ಗಿಡಗಳ ಎಲೆ ತೂತಾಗುತ್ತದೆ, ಬೋಳಾಗುತ್ತದೆ. ಇದನ್ನು ಮೊದಲೇ ಹೇಳದ ತರಗತಿಯಿಂದ ಹೋದವರು ಮೂರನೇ ವಾರ ಕರಿಬೇವಿಗೆ ಔಷಧಿ ಹೊಡೆಯುತ್ತಾರೆ.

ಔಷಧಿಯ ಮಾತು ಬಂದದ್ದರಿಂದ: ಗುಲಾಬಿ, ನೀಲಿ ಬಣ್ಣ ಲೇಪಿಸಿದ ಬೀಜಗಳಿಗೆ ಹೆಚ್ಚಾಗಿ ಔಷಧಿ ಉಪಚಾರ ಆಗಿರುತ್ತದೆ, ಪೊಟ್ಟಣದ ಹಿಂಬದಿ ಓದಿ. ಬೇವಿನೆಣ್ಣೆಯೂ ನಿರಪಾಯವಲ್ಲ. ಲೀಟರಿಗೆ 5 ಮಿ.ಲೀ. ಎಣ್ಣೆ, ಒಂದೆರಡು ಮಿ.ಲೀ. ಸಾಬೂನು ದ್ರಾವಣ ಬೆರೆಸಿ, ಸೂರ್ಯ ಮುಳುಗಿದ ಮೇಲೆ, ಹೂವಿಗೆ ತಾಗದಂತೆ ಎಲೆಯ ಅಡಿಗೆ ಹೊಡೆಯಬೇಕು.

ಕೀಟವೇ ಬರದ ಹನ್ನೆರಡನೇ ಮಹಡಿಯಲ್ಲಿ ತೋಟ ಇದ್ದರೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು, ಇಲ್ಲಿ ಹೊತ್ತೇ ಮುಖ್ಯ. ಕುಂಬಳದ ಹೂವು ಬೆಳಿಗ್ಗೆ ಆರರಿಂದ ಎಂಟರೊಳಗೆ, ಹತ್ತಾದರೆ ಮುದುಡಿರುತ್ತದೆ. ಸೋರೆ, ಹೀರೆ ಸಂಜೆ ಅರಳುತ್ತವೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣುಹೂ. ಗಂಡುಹೂ ಕಿತ್ತು, ಎಸಳು ಸುಲಿದು, ನಡುವಿನ ಕಡ್ಡಿಯನ್ನು ಹೆಣ್ಣುಹೂವಿನ ನಡುವೆ ಮೆಲ್ಲನೆ ಉಜ್ಜಿದರೆ ಆಯಿತು. ಒಂದು ಗಂಡುಹೂ ಎರಡು ಮೂರು ಹೆಣ್ಣುಹೂವಿಗೆ ಸಾಕು.

ಹಣ ಕಟ್ಟುವ ಮುಂಚೆ ಕೇಳಿ

ಒಬ್ಬ ಕಲಿಸುವವರಿಗೆ ಎಷ್ಟು ಜನ? ಹದಿನೈದು ದಾಟಿದರೆ ಅದು ಉಪನ್ಯಾಸ. ಮಾರ್ಚ್‌ನಲ್ಲಿ ಕನಿಷ್ಠ ಎರಡು ಸಲ ಸೇರುತ್ತೀರಾ? ಕಳೆದ ವರ್ಷದ ಮಡಿ ಈಗ ಹೇಗಿದೆ, ಹೋಗಿ ನೋಡಬಹುದೇ? ಕಿಟ್ ಕೊಳ್ಳಲೇಬೇಕೇ, ಹೊರಗಿನಿಂದ ತಂದರೂ ನಡೆಯುತ್ತದೆಯೇ? ಕೊನೆಯದಕ್ಕೆ ಕಿಟ್ ಕಡ್ಡಾಯ ಎಂಬ ಉತ್ತರ ಬಂದರೆ ಅದು ತರಗತಿಯಲ್ಲ, ಅಂಗಡಿ.

ಸಂಘದಲ್ಲೇ ನಡೆಸುವುದಾದರೆ 20 ಚದರ ಮೀಟರಿನ ಮಡಿಯನ್ನು ನಾಲ್ಕು ಪಾಲು ಮಾಡಿ: ಒಂದಕ್ಕೆ ಪೈಪಿನ ನೀರು ಮಾತ್ರ, ಒಂದಕ್ಕೆ ಹೊದಿಕೆ, ಒಂದಕ್ಕೆ ಹೊದಿಕೆ ಮತ್ತು ಮಡಕೆ, ಒಂದಕ್ಕೆ ಹನಿ. ನಾಲ್ಕರಲ್ಲೂ ಒಂದೇ ದಿನ ನೆಟ್ಟ ಒಂದೇ ತಳಿಯ ಬದನೆ ಇರಲಿ. ಪ್ರತಿ ಪಾಲಿಗೂ ಎಷ್ಟು ಬಕೆಟ್ ನೀರು ಹೋಯಿತೆಂದು ಗೋಡೆಯ ಮೇಲೆ ಗೀಟು ಹಾಕುತ್ತಾ ಬನ್ನಿ. ಹನಿಯ ಪಾಲಿನದನ್ನು ತಿಳಿಯಲು ಡ್ರಿಪ್ಪರಿನ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿದರೆ ಸಾಕು.